ಸಾಹೇಬರು ಕೂತಷ್ಟು ಹೊತ್ತು

ಆಗ ನನಗೆ ಹತ್ತು ವರ್ಷ. ಅದಾಗಿ ಅರವತ್ತು ವರ್ಷದ ಮೇಲಾಯಿತು. ಒಳ್ಳೆಯ ಮೇಷ್ಟ್ರಿಗೆ ಯಾವ ಯಾವ ಗುಣ ಇರಬೇಕೆಂದು ಓದಿದವರು ನಮ್ಮ ಜಗಲಿಯಲ್ಲಿ ಕೂತು ಮಾತಾಡುವಾಗಲೆಲ್ಲ ನನಗೆ ಮೈ ಉರಿಯುತ್ತದೆ. ತಾಳ್ಮೆಯಂತೆ, ವಿದ್ಯೆಯಂತೆ, ಮಕ್ಕಳ ಮೇಲೆ ಪ್ರೀತಿಯಂತೆ. ಇವು ಇಲ್ಲದ ಮೇಷ್ಟ್ರನ್ನು ಕ್ಷಮಿಸಬಹುದು, ಪಾಪ, ಇಲ್ಲ. ಎಲ್ಲವೂ ಇದ್ದು ಬಚ್ಚಿಟ್ಟುಕೊಳ್ಳುವವನನ್ನು ಏನು ಮಾಡುವುದು?

ತಮಿಳು ಸೀಮೆಯ ತೇವಾರಂ ಊರಿನಲ್ಲಿ ನಮ್ಮ ಬೀದಿಯ ಜಗಲಿ ಶಾಲೆಯ ಮೇಷ್ಟ್ರು, ತಮಿಳಿನವರ ಬಾಯಲ್ಲಿ ವಾತ್ಯಾರು, ನಮ್ಮವರೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಎರಡರಲ್ಲೂ ಬೈಗುಳವೇ ಜಾಸ್ತಿ. ಹುಡುಗರು ಮರಳಿನಲ್ಲಿ ಬೆರಳು ಸವೆಸುತ್ತಿದ್ದರು, ಇವರು ಕಂಬಕ್ಕೆ ಒರಗಿ ನಿದ್ದೆ ಹೊಡೆಯುತ್ತಿದ್ದರು. ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರು ಬರುವರು. ಹೆಣ್ಣುಮಕ್ಕಳೂ ಓದುತ್ತಾರೆಂದು ತೋರಿಸಿದರೆ ಸರ್ಕಾರದ ಸಹಾಯಧನ ಹೆಚ್ಚು. ಆದರೆ ಜಗಲಿಯ ಮೇಲೆ ಹೆಣ್ಣುಮಕ್ಕಳೇ ಇರಲಿಲ್ಲ. ಹಾಗಾಗಿ ಆ ಬೆಳಿಗ್ಗೆ ಮೇಷ್ಟ್ರು ಬೀದಿಯಲ್ಲಿ ಹೆಣ್ಣುಮಕ್ಕಳನ್ನು ಕಡ ಕೇಳುತ್ತ ಹೊರಟರು.

"ಅಕ್ಕಾ, ನಿನ್ನ ಮಗಳ ಒಂದು ದಿವಸಕ್ಕೆ ಕಳ್ಸು. ತಲೆ ಮಾತ್ರ ಬಾಚಿ ಕಳ್ಸು."

"ಜೋಳಕ್ಕೆ ಗಿಳಿ ಬೀಳ್ತಾವೆ. ನೀನು ಬಂದು ಓಡಿಸ್ತೀಯಾ?" ಅಂದಳು ಅವ್ವ.

ಕೊನೆಗೆ ಅವರ ಹೆಂಡತಿ ನಮ್ಮ ಹೊಲಕ್ಕೆ ಗಿಳಿ ಓಡಿಸಲು ಹೋದಳು, ನಾನು ಶಾಲೆಗೆ ಹೋದೆ.

ಇನ್ಸ್‌ಪೆಕ್ಟರು ಕುರ್ಚಿಯಲ್ಲಿ ಕೂತರು. "ಈ ಹುಡುಗಿಯರು ಈಗಷ್ಟೇ ಸೇರಿದವರು" ಎಂದು ಹೇಳಿ ಮೇಷ್ಟ್ರು ನಮ್ಮ ಮುಂದೆ ಮಂಡಿಯೂರಿದರು. ಆ ಮನುಷ್ಯನೇನಾ ಇವನು ಅನ್ನಿಸಿತು. ನನ್ನ ಬೆರಳು ಹಿಡಿದು ಮರಳಿನಲ್ಲಿ ಹೆಸರಿನ ಮೊದಲ ಅಕ್ಷರ ತಿದ್ದಿಸಿದರು. ತಪ್ಪಿದೆ. "ಇರಲಿ ತಾಯಿ, ತಪ್ಪದೆ ಯಾರಿಗೆ ಬಂತು?" ಎಂದು ನಕ್ಕರು. ಅಕ್ಷರಕ್ಕೆ ಇಷ್ಟು ದುಂಡು ಹೊಟ್ಟೆ ಯಾಕೆ ಅಂತ ಪಕ್ಕದವಳು ಕೇಳಿದಳು. ಬೇರೆ ದಿನವಾಗಿದ್ದರೆ ಕಿವಿ ಹೋಗುತ್ತಿತ್ತು. ಅವತ್ತು ಅಂಗಳಕ್ಕಿಳಿದು ಕೊಡದ ಹೊಟ್ಟೆಯ ಸುತ್ತ ಅವಳ ಕೈಯನ್ನೇ ತಿರುಗಿಸಿ ತೋರಿಸಿದರು. ನನಗೆ ಎರಡಕ್ಷರ ಬಂತು. "ಉಳಿದದ್ದು ನಾಳೆ, ತಾಯಿ" ಅಂದರು. ಇನ್ಸ್‌ಪೆಕ್ಟರು ತಲೆದೂಗಿ, ಏನೋ ಬರೆದುಕೊಂಡು, ರಾತ್ರಿ ತಂಗಲು ಬಂಡಿಯಲ್ಲಿ ಚಾವಡಿಗೆ ಹೋದರು.

ಬಂಡಿ ತಿರುವು ದಾಟಿದ್ದೇ ತಡ, "ಏಳಿ, ಏಳಿ" ಎಂದರು ಮೇಷ್ಟ್ರು. ನಾನು ಏಳಲಿಲ್ಲ. "ನಾಳೆ ಎಷ್ಟು ಹೊತ್ತಿಗೆ ಬರಲಿ?" ಎಂದೆ.

"ಯಾವ ನಾಳೆ? ಸಾಹೇಬರು ಹೋದರು. ಹೋಗು ಹುಡುಗಿ, ನಿನ್ನ ಗಿಳಿಗಳು ಕಾಯ್ತಾವೆ."

ನಾನು ಅಳಲಿಲ್ಲ, ಸಿಟ್ಟಿಗೆ ನನಗೆ ಅಳು ಬರುವುದಿಲ್ಲ. ಕಲಿಸಲು ಬಾರದವನಾಗಿದ್ದರೆ ಆ ರಾತ್ರಿಯೇ ಮರೆತುಬಿಡುತ್ತಿದ್ದೆ. ಬರುತ್ತಿತ್ತು, ಅದೇ ಹೊಟ್ಟೆಯುರಿ. ಇವತ್ತಿಗೂ ರುಜು ಹಾಕಿದರೆ ನನ್ನ ಹೆಸರಿನ ಮೊದಲೆರಡು ಅಕ್ಷರ ದುಂಡಗೆ ನಿಲ್ಲುತ್ತವೆ. ಮಿಕ್ಕವು ಮದುವೆಯಾದ ಮೇಲೆ ಮೈದುನನನ್ನು ಕಾಡಿ ಕಲಿತವು. ಕಳ್ಳು ಕುಡಿದವರ ಹಾಗೆ ಒಂದರ ಮೇಲೊಂದು ಬೀಳುತ್ತವೆ.

ಒಬ್ಬ ಬಡ ಮೇಷ್ಟ್ರ ಹೊಟ್ಟೆಯ ಮೇಲೆ ಹೊಡೆದೆ ಎಂದು ಬೀದಿಯವರು ಬಹಳ ದಿನ ನನ್ನನ್ನು ಅಂದರು. ಚಾಡಿ ಹೇಳುವಷ್ಟು ಬುದ್ಧಿ ನನಗೆ ಆಗ ಎಲ್ಲಿತ್ತು? ಇದ್ದಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದೆ. ಮರುದಿನ ಬೆಳಿಗ್ಗೆ ಹೊಲದ ದಾರಿ ಬಿಟ್ಟು ಚಾವಡಿಗೆ ಹೋದೆ. ಬಂಡಿಗೆ ಎತ್ತು ಕಟ್ಟುತ್ತಿದ್ದರು. ಗಾಲಿ ಹಿಡಿದು ನಿಂತು, ನನಗೆ ಬಂದ ತಮಿಳಿನಲ್ಲಿ ಇನ್ಸ್‌ಪೆಕ್ಟರಿಗೆ ಹೇಳಿದೆ: "ಅಯ್ಯಾ, ಇವತ್ತೂ ಬಂದು ಒಂಚೂರು ಹೊತ್ತು ಕೂತ್ಕೊಳ್ಳಿ. ನೀವು ಕೂತ್ರೇನೇ ನಮ್ಮ ವಾತ್ಯಾರಿಗೆ ಪಾಠ ಬರೋದು."