ಯಜಮಾನರು ಬಿಟ್ಟ ತುಪ್ಪ

ನಮ್ಮ ಮನೆಯ ಅಡಿಗೆ ನನ್ನ ಕೈಯಲ್ಲಿದೆ ಎಂದು ಕೊಪ್ಪದ ಮಂದಿ ನಂಬಿದ್ದಾರೆ. ಶುದ್ಧ ಸುಳ್ಳು. ಏನು ಬೇಯಬೇಕು ಎಂದು ನಿರ್ಧರಿಸುವವರು ಎಲ್ಲೋ ಪರದೇಶದಲ್ಲಿ ಕೂತ ವಿಜ್ಞಾನಿಗಳು. ಅದನ್ನು ಜಾರಿಗೆ ತರುವವರು ನಮ್ಮ ಯಜಮಾನರು. ನಾನು ಬರೀ ಪಾತ್ರೆ ತಿಕ್ಕುವವಳು.

ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ಪಂಪ್‌ಸೆಟ್ ರಿಪೇರಿ ಅಂಗಡಿ. ಗಿರಾಕಿ ಇಲ್ಲದಾಗ ಪೇಪರು, ಪೇಪರು ಮುಗಿದರೆ ಮೊಬೈಲು. ಸಂಜೆ ಚಪ್ಪಲಿ ಬಿಡುವ ಮೊದಲೇ ರಾಜಾಜ್ಞೆ ಹೊರಡುತ್ತದೆ.

"ಇವತ್ತಿಂದ ಮೊಟ್ಟೆಯ ಹಳದಿ ಬೇಡ, ಬಿಳಿ ಮಾತ್ರ. ಅಧ್ಯಯನ ಆಗಿದೆ."

"ಇಡೀ ಮೊಟ್ಟೆ ತಿನ್ನಿ ಅಂತ ಹೋದ ತಿಂಗಳು ಅಧ್ಯಯನ ಆಗಿತ್ತಲ್ರೀ?"

"ಅದು ಹಳೇದು ಮಾರಾಯ್ತಿ."

ಹೀಗೆಯೇ ಕೊಬ್ಬರಿ ಎಣ್ಣೆ ಹೊರಗೆ ಹೋಗಿ ಸೂರ್ಯಕಾಂತಿ ಎಣ್ಣೆ ಬಂತು. ಆರು ತಿಂಗಳಾಗುವುದರೊಳಗೆ ಸೂರ್ಯಕಾಂತಿ ಮಹಾಪಾಪವಾಗಿ ಕೊಬ್ಬರಿ ಎಣ್ಣೆಗೆ ಪುನಃಪ್ರತಿಷ್ಠೆಯಾಯಿತು. ಕಾಫಿ ಲಿವರಿಗೆ ಒಳ್ಳೆಯದು, ನಿದ್ದೆಗೆ ಕೆಟ್ಟದ್ದು ಎಂದು ಒಂದೇ ದಿನ ಓದಿ, ಅರ್ಧ ಲೋಟ ಕುಡಿದು ಉಳಿದರ್ಧವನ್ನು ನನ್ನ ಕಡೆ ತಳ್ಳಿದರು. ತುಪ್ಪಕ್ಕಂತೂ ಗಡೀಪಾರು. ಅವರ ತಟ್ಟೆಯಲ್ಲಿ ಕಡುಬಿನ ಜಾಗಕ್ಕೆ ಓಟ್ಸ್ ಬಂತು. (ಪೋಸ್ಟರ್ ಅಂಟಿಸುವ ಗೋಂದನ್ನು ತಿಂದು ನೋಡಿದವರಿಗೆ ಅದರ ರುಚಿ ಗೊತ್ತು.)

ಒಂದು ದಿನ ತಡೆಯಲಾರದೆ ಕೂಗಾಡಿಬಿಟ್ಟೆ. "ಆ ವಿಜ್ಞಾನಿಗಳು ಮೊದಲು ತಮ್ಮತಮ್ಮಲ್ಲೇ ಒಂದು ಮಾತಿಗೆ ಬರ್ಲಿ. ಅಲ್ಲೀವರೆಗೆ ನಾನು ಹಾಕಿದ್ದು ತಿನ್ನಿ."

ಅವರು ತಟ್ಟೆ ನೋಡುತ್ತ ಮೆಲ್ಲಗೆ ಹೇಳಿದರು, "ಅಣ್ಣ ಹಾಕಿದ್ದು ತಿಂತಿದ್ದ ಕಣೇ. ಬೀಡಿ ಇಲ್ಲ, ಕುಡಿತ ಇಲ್ಲ. ಗಟ್ಟಿಮುಟ್ಟಾಗೇ ಇದ್ದ."

ಭಾವ ಹೋದ ವರ್ಷ ಎನ್.ಆರ್.ಪುರದ ಸಂತೆಯಲ್ಲಿ, ತರಕಾರಿಯ ಚೀಲ ಹಿಡಿದುಕೊಂಡೇ ಕುಸಿದು ತೀರಿಕೊಂಡವರು. ಯಾಕೆ ಹೀಗಾಯಿತು ಎಂದು ಯಾರೂ ಸರಿಯಾಗಿ ಹೇಳಲಿಲ್ಲ. ಆ ಉತ್ತರವನ್ನು ಇವರು ದಿನಾ ಪೇಪರಿನಲ್ಲಿ ಹುಡುಕುತ್ತಿದ್ದಾರೆ ಎಂದು ಆವತ್ತು ನನಗೆ ಹೊಳೆಯಿತು. ಇನ್ನು ಅವರು ಹೇಳಿದಂತೆಯೇ ಆಗಲಿ ಎಂದುಕೊಂಡೆ.

ಆದರೆ ಅವರು ಬಿಟ್ಟದ್ದನ್ನು ಎಸೆಯುವುದು ಹೇಗೆ? "ಹಾಳಾಗಬಾರದಲ್ಲ" ಎಂದು ಅವರೆದುರೇ ಹೇಳಿ ಮೊಟ್ಟೆಯ ಹಳದಿ ತಿಂದೆ. ಕಾಸಿಟ್ಟ ತುಪ್ಪವನ್ನು ನನ್ನ ಕಡುಬಿಗೆ ಸುರಿದುಕೊಂಡೆ. ಹಬ್ಬದ ಹೋಳಿಗೆಯಲ್ಲಿ ಅವರ ಪಾಲೂ ನನಗೇ ಬಂತು. ಕೊನೆಗೆ ಅವರು ತಟ್ಟೆಯಲ್ಲಿ ಬಿಟ್ಟ ಓಟ್ಸನ್ನೂ ಬಳಿದೆ.

ಮೊನ್ನೆ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿದೆವು. ನಾನು ಮಾಡಿಸಿಕೊಂಡದ್ದು ಅವರ ಧೈರ್ಯಕ್ಕೆ. ಡಾಕ್ಟರು ರಿಪೋರ್ಟು ನೋಡಿ, "ರಘುಪತಿಯವರೇ, ನಿಮ್ಮದು ಎಲ್ಲಾ ಸರಿ ಇದೆ" ಎಂದರು. ಯಜಮಾನರು ಗೆದ್ದ ಅಭ್ಯರ್ಥಿಯ ಹಾಗೆ ನನ್ನತ್ತ ತಿರುಗಿದರು.

"ಅಮ್ಮ, ನಿಮ್ಮದೇ ಸಕ್ಕರೆ, ಕೊಲೆಸ್ಟ್ರಾಲ್ ಎರಡೂ ಜಾಸ್ತಿ. ಎಂತ ತಿಂತೀರಿ ನೀವು?"

ನಾನು ಯಜಮಾನರ ಮುಖ ನೋಡಿದೆ.

ಮನೆಗೆ ಬರುವಾಗ ಅವರು ಯಾವ ಅಧ್ಯಯನದ ಸುದ್ದಿಯನ್ನೂ ಎತ್ತಲಿಲ್ಲ. ಬೈಕು ಆಮೆಯಂತೆ ಹೋಗುತ್ತಿತ್ತು. ಆದರೂ ತಿರುವು ಬಂದಾಗಲೆಲ್ಲ "ಗಟ್ಟಿ ಹಿಡ್ಕೋ" ಎನ್ನುತ್ತಿದ್ದರು. ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಮರುದಿನ ಬೆಳಗ್ಗೆ ಅವರೇ ಓಟ್ಸ್ ಬೇಯಿಸಿ ನನ್ನ ಮುಂದಿಟ್ಟು, ಎದುರಿಗೆ ಕೂತರು. ನಾನು ಮೊದಲ ಚಮಚ ನುಂಗುವವರೆಗೂ ನೋಡಿದರು. ಆಮೇಲೆ ಹಿಂದಿನ ದಿನ ನಾನು ನನಗೆಂದು ಬೇಯಿಸಿಕೊಂಡಿದ್ದ ಕಡುಬನ್ನು ತಮ್ಮ ತಟ್ಟೆಗೆ ಹಾಕಿಕೊಂಡು ತುಪ್ಪದ ಡಬ್ಬಿ ಬಗ್ಗಿಸಿದರು.

"ರೀ, ತುಪ್ಪ..." ಎಂದೆ.

"ಹಾಳಾಗಬಾರದಲ್ಲ" ಎಂದರು.