ಅವ್ವನ ವ್ರತವೂ ಬಾದಾಮಿ ಚಹಾವೂ

ಯಾವ ಕೆಲಸವನ್ನೇ ಆಗಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಮಾಡಿದವನಿಗೆ ತಲೆಯ ಮೇಲೆ ಒಂದು ಸಣ್ಣ ಕೊಂಬು ಮೂಡುತ್ತದೆ. ಕನ್ನಡ ಮಾಸ್ತರಿಗೆ ಲಗ್ನಪತ್ರಿಕೆಯಲ್ಲೂ ತಪ್ಪುಗಳೇ ಕಾಣುತ್ತವೆ. ಟೇಲರನಿಗೆ ಎದುರು ಬಂದವರ ಮುಖಕ್ಕಿಂತ ಮೊದಲು ಅವರ ತೋಳಿನ ಹೊಲಿಗೆ ಕಾಣುತ್ತದೆ. ನನ್ನ ಕೊಂಬು ಹಾಲಿನದು. ನಾನು ಹಾಲು ಒಕ್ಕೂಟದ ನೌಕರ. ಮನೆ ಹಾನಗಲ್ಲಿನಲ್ಲಿ; ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳ ಹಳ್ಳಿ ಸಂಘಗಳಿಗೆ ಹೋಗಿ, ಕ್ಯಾನಿನಲ್ಲಿ ಹಾಲು ಎಷ್ಟಿದೆ, ಬಾವಿ ಎಷ್ಟಿದೆ ಎಂದು ನೋಡುವುದು ಇಪ್ಪತ್ತಾರು ವರ್ಷಗಳಿಂದ ನನ್ನ ಉದ್ಯೋಗ. ಅದಕ್ಕೆ ಯಂತ್ರ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಕರೆಂಟು ಹೋದಾಗ ನನ್ನ ನಾಲಿಗೆಯೇ ಯಂತ್ರ. ಒಂದು ಹನಿ ಬಿದ್ದರೆ ಸಾಕು, ಎಮ್ಮೆಯದೋ ಆಕಳದೋ, ಫ್ಯಾಟ್ ಎಷ್ಟೋ ಹೇಳುತ್ತೇನೆ. ಎಮ್ಮೆ ಹಿಂದಿನ ದಿನ ಏನು ಮೇಯ್ದಿತ್ತು ಎಂಬುದನ್ನೂ ಹೇಳಬಲ್ಲೆ ಎಂದು ಒಮ್ಮೆ ಅಕ್ಕಿಆಲೂರಿನಲ್ಲಿ ನಾಲ್ಕು ಜನರ ಮುಂದೆ ಅಂದುಬಿಟ್ಟಿದ್ದೆ. ಯಾರೂ ಪರೀಕ್ಷಿಸಿ ನೋಡಲಿಲ್ಲವಾದ್ದರಿಂದ ಅದು ಇವತ್ತಿಗೂ ಸತ್ಯವಾಗಿಯೇ ಉಳಿದಿದೆ.

ಇಂಥ ಮನುಷ್ಯನ ಮನೆಯಲ್ಲಿ ವರ್ಷಕ್ಕೊಂದು ತಿಂಗಳು ಹಾಲಿನಿಂದಲೇ ಜಗಳ. ನಮ್ಮದು ವೈಷ್ಣವರ ಮನೆ. ಅವ್ವ ಚಾತುರ್ಮಾಸ ಹಿಡಿಯುತ್ತಾಳೆ. ಮೊದಲ ತಿಂಗಳು ಕಾಯಿಪಲ್ಯ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳು ಇಲ್ಲ. ಮೂರನೆಯದು ಕ್ಷೀರವ್ರತ. ಈ ವ್ರತದ ಸೊಗಸೆಂದರೆ, ಹಾಲು ಮಾತ್ರ ಮನೆಯೊಳಗೆ ಬರಬಾರದು. ಅದರ ಮಕ್ಕಳು ಮೊಮ್ಮಕ್ಕಳಾದ ಮೊಸರು, ಬೆಣ್ಣೆ, ತುಪ್ಪ ಎಲ್ಲರೂ ಧಾರಾಳವಾಗಿ ಬಂದು ಉಂಡು ಹೋಗಬಹುದು. ಆದ್ದರಿಂದ ಅವ್ವನಿಗೆ ಊಟದಲ್ಲಿ ಯಾವ ಕೊರತೆಯೂ ಇಲ್ಲ. ಕೊರತೆ ಇರುವುದು ಚಹಾಕ್ಕೆ. ದಿನಕ್ಕೆ ನಾಲ್ಕು ಸಲ ಕುಡಿಯುವವಳು ಒಮ್ಮೆಲೇ ಬಿಟ್ಟು ಕೂಡುತ್ತಾಳೆ. ಕರೀ ಚಹಾ ಮಾಡಿಕೊಟ್ಟರೆ "ಇದು ಚಹಾ ಅಲ್ಲ, ಕಷಾಯ. ನನಗೇನು ನೆಗಡಿ ಆಗ್ಯದೇನು?" ಎಂದು ಲೋಟ ಸರಿಸುತ್ತಾಳೆ. ಮೂರನೆಯ ದಿನದಿಂದ ನನ್ನ ಹೆಂಡತಿ ಸುಧಾಳ ಸಾರಿನಲ್ಲಿ ಉಪ್ಪು ಹೆಚ್ಚು, ಐದನೆಯ ದಿನದಿಂದ ನನ್ನ ನಡಿಗೆಯಲ್ಲಿ ಸದ್ದು ಹೆಚ್ಚು, ಹತ್ತನೆಯ ದಿನ ಎದುರು ಮನೆಯವರ ತುಳಸಿಗಿಡ ಕೂಡ ಸರಿಯಾಗಿ ಬೆಳೆದಿರುವುದಿಲ್ಲ.

ಬಿಟ್ಟುಬಿಡು ಎನ್ನಲು ನನಗೆ ಬಾಯಿಲ್ಲ. ಏಕೆಂದರೆ ಈ ವ್ರತ ನನ್ನದೇ ಸಲುವಾಗಿ ಹಿಡಿದದ್ದು. ಎಂಟು ವರ್ಷದವನಿದ್ದಾಗ ನನಗೆ ಟೈಫಾಯ್ಡ್ ಆಗಿ, ಬದುಕುವುದು ಕಷ್ಟ ಎಂದಾಗ, ಅವ್ವ ದೇವರಿಗೆ ಹೇಳಿಕೊಂಡಳಂತೆ. ಅಂದಿನಿಂದ ನಲವತ್ತಕ್ಕೂ ಹೆಚ್ಚು ವರ್ಷ ಒಂದು ಹನಿ ತಪ್ಪಿಲ್ಲ. ನಾನು ಬೀದಿಯಲ್ಲಿ ಎಲ್ಲ ವ್ರತಗಳನ್ನೂ ಗೇಲಿ ಮಾಡುವವನು; ಇದೊಂದನ್ನು ಮಾತ್ರ ಮಾಡುವುದಿಲ್ಲ.

ಹೋದ ವರ್ಷ ಕ್ಷೀರವ್ರತದ ಹನ್ನೊಂದನೆಯ ದಿನ ಸುಧಾ ನನ್ನನ್ನು ಪಡಸಾಲೆಗೆ ಕರೆದು, "ಒಂದೋ ಅತ್ತಿಯವರಿಗೆ ಚಹಾದ ವ್ಯವಸ್ಥಾ ಮಾಡ್ರಿ, ಇಲ್ಲಾ ನಾ ತವರಿಗೆ ಹೋಗ್ತೇನಿ" ಎಂದಳು. ಆಗ ನನಗೆ ಬಸವರಾಜಪ್ಪನ ನೆನಪಾಯಿತು. ಈತ ಹಿರೇಕೆರೂರಿನ ಬೀಜದ ವ್ಯಾಪಾರಿ. ಡಾಕ್ಟರು ಕೊಲೆಸ್ಟರಾಲ್ ಇದೆ ಎಂದರು, ಈತ ಎಲ್ಲಿಯೋ ಹತ್ತು ದಿನದ ಶಿಬಿರಕ್ಕೆ ಹೋಗಿ ವೀಗನ್ ಆಗಿ ಬಂದ. ಒಬ್ಬನೇ ಆದರೆ ಬೇಸರವೆಂದು ನಮ್ಮನ್ನೆಲ್ಲ ಮಾಡಲು ಹೆದ್ದಾರಿಯಲ್ಲಿ, ಗೊಟಗೋಡಿ ದಾಟಿದ ಮೇಲೆ, ಒಂದು ವೀಗನ್ ಫುಡ್ ಕೋರ್ಟನ್ನೇ ತೆರೆದಿದ್ದ. ದೊಡ್ಡ ತಗಡಿನ ಚಪ್ಪರದ ಕೆಳಗೆ ಏಳೆಂಟು ಅಂಗಡಿಗಳು, ಎಲ್ಲಿಯೂ ಹಾಲು, ಮೊಸರು, ತುಪ್ಪ ಇಲ್ಲ; ಚಹಾ ಕೂಡ ಬಾದಾಮಿ ಅರೆದ ಹಾಲಿನದು. ನನ್ನ ಸಂಬಳದ ಮೂಲಕ್ಕೇ ಕೊಡಲಿ ಹಾಕುವ ಆ ಜಾಗದ ಮುಂದೆ ನಾನು ಗಾಡಿಯ ವೇಗ ಕೂಡ ಕಡಿಮೆ ಮಾಡುತ್ತಿರಲಿಲ್ಲ. ಆದರೆ ಹೆಂಡತಿ ತವರಿನ ಮಾತೆತ್ತಿದ್ದಳು.

ಅವ್ವ ಮೊದಲು ಒಪ್ಪಲಿಲ್ಲ. "ಹೆಸರು ಹಾಲಂತನ ಅದನಲ್ಲೋ?"

"ತೆಂಗಿನಹಾಲು ಹಾಕಿ ಪಾಯಸ ಮಾಡ್ತಿ. ಅದಕ್ಕ ನಡೀತದ, ಬಾದಾಮಿಗೆ ಯಾಕ ನಡ್ಯಂಗಿಲ್ಲ?" ಎಂದೆ.

ಅವ್ವ ಯೋಚಿಸಿದಳು. ಹೊರಗಿನದಲ್ಲವೇ ಎಂಬ ಪ್ರಶ್ನೆ ಏಳಲಿಲ್ಲ. ಊಟಕ್ಕೆ ಮಡಿ ಉಂಟು, ಚಹಾಕ್ಕೆ ಮಡಿ ಇಲ್ಲ ಎಂದು ಅವ್ವ ಬಹಳ ಹಿಂದೆಯೇ ಹಾನಗಲ್ಲ ಬಸ್‌ಸ್ಟ್ಯಾಂಡಿನಲ್ಲಿ ನಿಂತು ತೀರ್ಪು ಕೊಟ್ಟಿದ್ದಾಳೆ. ಅದರ ಮೇಲೆ ಅಪೀಲು ಇಲ್ಲ. "ಹಾಲು ಇಲ್ಲಂತ ನೀ ಹೇಳ್ತೀಯೇನು?" ಎಂದು ಕೇಳಿದಳು. "ಇಲ್ಲ" ಎಂದೆ. ಭಾನುವಾರ ಮೂವರೂ ಕಾರಿನಲ್ಲಿ ಹೊರಟೆವು.

ಬಸವರಾಜಪ್ಪ ಬಾಗಿಲಿಗೇ ಬಂದ. "ಬರ್ರಿ ಸಾಹೇಬ್ರ, ಬರ್ರಿ ಅಮ್ಮಾರ. ಇಲ್ಲಿ ಇರೂದೆಲ್ಲಾ ಗಿಡದಿಂದ ಬಂದದ್ದು. ಜೇನತುಪ್ಪಾ ಸಹಿತ ಇಟ್ಟಿಲ್ರಿ."

"ಆಕಳತುಪ್ಪ?" ಎಂದಳು ಅವ್ವ.

"ಇಲ್ರಿ ಅಮ್ಮಾರ. ಎರಡು ವರ್ಷ ಆತು ಮುಟ್ಟಿಲ್ಲ."

"ಅಯ್ಯ ಪಾಪ" ಎಂದು ಅವ್ವ ನಿಜವಾಗಿಯೂ ಮರುಗಿದಳು. ಯಾವ ದೊಡ್ಡ ಪಾಪಕ್ಕೆ ಈತ ಇಂಥ ಪ್ರಾಯಶ್ಚಿತ್ತ ಮಾಡುತ್ತಿದ್ದಾನೋ ಎಂಬಂತೆ ಅವನನ್ನು ನೋಡಿದಳು.

ನಾನು ನಗಲೆಂದೇ ಹೋದವನು. ನಗಲು ಸಾಮಗ್ರಿಯೂ ಬೇಕಾದಷ್ಟಿತ್ತು. 'ಸಸ್ಯಮೂಲ ಗ್ರಾಮೀಣ ತಟ್ಟೆ' ಎಂದು ಬರೆದದ್ದನ್ನು ತರಿಸಿದರೆ ಬಂದದ್ದು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನಮ್ಮ ಸೀಮೆಯಲ್ಲಿ ಹೊಲಕ್ಕೆ ಹೋಗುವ ಮಂದಿ ತಲೆತಲಾಂತರದಿಂದ ಬುತ್ತಿ ಕಟ್ಟಿಕೊಂಡು ಹೋಗುವುದು ಇದನ್ನೇ. ಅವರು ವೀಗನ್ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಇಲ್ಲಿ ರೊಟ್ಟಿಯ ಮೇಲೆ ಒಂದು ಹಸಿರು ಕಾಗದದ ಬಾವುಟ ಚುಚ್ಚಿದ್ದರು. ಮಗ್ಗುಲಿಗೆ ಶೇಂಗಾ ಅರೆದು ಹೆಪ್ಪು ಹಾಕಿದ ಮೊಸರು. ಅದನ್ನು ಮೊಸರೆಂದರೆ ನಮ್ಮ ಒಕ್ಕೂಟದ ಎಮ್ಮೆಗಳು ಮುಷ್ಕರ ಹೂಡುತ್ತವೆ ಎಂದೆ. ಸುಧಾ "ಮಾತು ಸಾಕು, ತಿನ್ರಿ" ಎಂದಳು. ತಿಂದೆ. ರುಚಿಯಾಗಿತ್ತು. ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೂ ರುಚಿಯಾಗಿತ್ತು. ಎರಡನೆಯ ಬಟ್ಟಲು ತರಿಸಿದೆ, ಪರೀಕ್ಷೆಗೆಂದು. ಮೂರನೆಯದನ್ನು ಏಕೆ ತರಿಸಿದೆ ಎಂದು ಸುಧಾ ಕೇಳಲಿಲ್ಲ. ಎಳೆ ಹಲಸಿನಕಾಯಿಯ ಬಿರಿಯಾನಿಯಲ್ಲಿ ಉಳ್ಳಾಗಡ್ಡಿ ಇತ್ತು. ಅವ್ವ ಬೇರೆ ಕಡೆ ಮುಖ ತಿರುಗಿಸಿ ಕುಳಿತು ನನಗೆ ಅನುಕೂಲ ಮಾಡಿಕೊಟ್ಟಳು. ಎದ್ದಾಗ ಪ್ಯಾಂಟಿನ ಬೆಲ್ಟು ಒಂದು ತೂತು ಸಡಿಲಾಗಿತ್ತು.

ಆದರೆ ಚಹಾದ ವಿಷಯದಲ್ಲಿ ನಾನು ಸೋಲಲು ಸಿದ್ಧನಿರಲಿಲ್ಲ. ಚಹಾದ ಅಂಗಡಿಯಲ್ಲಿದ್ದವರು ಸವಣೂರಿನ ಇಮಾಮ್‌ಸಾಬರು, ಮೂವತ್ತು ವರ್ಷ ಚಹಾ ಕಾಯಿಸಿದ ಕೈ. ಮುಂದಕ್ಕೆ ಬಾಗಿ ಮೆಲ್ಲಗೆ ಹೇಳಿದೆ: "ಅಮ್ಮಾರಿಗೆ ಬಾದಾಮಿದು. ಹಾಲು ಒಂದ ಹನಿನೂ ಬ್ಯಾಡ, ವ್ರತ ಅದ. ನನಗ ಮಾತ್ರ ಏನರೆ ದಾರಿ ಅದ ಏನ್ರಿ?"

ಇಮಾಮ್‌ಸಾಬರು ಸುತ್ತ ನೋಡಿದರು. "ಹಿಂದ ಅರ್ಧ ಲೀಟರ್ ಎಮ್ಮಿ ಹಾಲು ಇರತೈತ್ರೀ ಸಾಹೇಬ್ರ, ಕೆಲಸದವ್ರು ಕುಡ್ಯಾಕ. ಮಧ್ಯಾಹ್ನ ಮಾಲಕ್ರಿಗೂ ಅದ ಹೋಗತೈತಿ. ಯಾರ ಮುಂದೂ ಅನ್ನಬ್ಯಾಡ್ರಿ."

ಎರಡು ಕಪ್ಪು ಟ್ರೇದಲ್ಲಿಟ್ಟು, "ಬಲಗಡೆದು ನಿಮ್ದು, ಎಡಗಡೆದು ಅಮ್ಮಾರದು. ನೆನಪಿರ್ಲಿ" ಎಂದು ಎರಡು ಸಲ ಹೇಳಿದರು. ನೆನಪಿಟ್ಟುಕೊಂಡೇ ಹೊರಟೆ. ದಾರಿಯಲ್ಲಿ ಬಸವರಾಜಪ್ಪ ಅಡ್ಡ ಬಂದು, ಗೋಡಂಬಿಯಲ್ಲಿ ಮಾಡಿದ ಪೇಡಾ ತಿನ್ನಲೇಬೇಕೆಂದು ಪಟ್ಟು ಹಿಡಿದ. ಟ್ರೇ ಮೇಜಿನ ಮೇಲಿಟ್ಟು ಒಂದು ತಿಂದೆ, ಇನ್ನೊಂದೂ ತಿಂದೆ. ತಿನ್ನುತ್ತ ಮೇಜಿನ ಆ ಕಡೆ ಹೋದವನು ಆ ಕಡೆಯಿಂದಲೇ ಟ್ರೇ ಎತ್ತಿಕೊಂಡೆ. ಬಲಗಡೆಯ ಕಪ್ಪು ನಾನು ತೆಗೆದುಕೊಂಡು ಎಡಗಡೆಯದನ್ನು ಭಕ್ತಿಯಿಂದ ಅವ್ವನ ಕೈಗಿಟ್ಟೆ.

ಅವ್ವ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ಹನ್ನೆರಡು ದಿನಗಳ ಗಂಟು ಮುಖದಿಂದ ಇಳಿದುಹೋಯಿತು. ತಳ ಕಾಣುವವರೆಗೆ ಕುಡಿದಳು. ನಾನು ನನ್ನದನ್ನು ಗುಟುಕರಿಸಿ ಸುಧಾಳ ಕಿವಿಯಲ್ಲಿ, "ನೋಡು, ಇದು ಖರೇ ಎಮ್ಮಿ ಹಾಲು. ಆರೂವರೆ ಫ್ಯಾಟ್. ಹೊಟ್ಟು ತಿಂದ ಎಮ್ಮಿ" ಎಂದು ಗುಟ್ಟು ಹೇಳಿದೆ. ಆಮೇಲೆ ಕಪ್ಪುಗಳನ್ನು ಎತ್ತಿಡಲು ಹೋದಾಗ ಅವ್ವನ ಕಪ್ಪಿನ ಅಂಚಿಗೆ ಕೆನೆ ಅಂಟಿದ್ದು ಕಂಡಿತು. ದಪ್ಪಗಿನ, ಹಳದಿ ಛಾಯೆಯ, ನನ್ನ ಇಪ್ಪತ್ತಾರು ವರ್ಷದ ಪರಿಚಯದ ಕೆನೆ. ಬಾದಾಮಿಗೆ ಅಂಥದ್ದು ಕಟ್ಟುವುದಿಲ್ಲ. ನನ್ನ ಕಪ್ಪಿನ ತಳದಲ್ಲಿ ಸಣ್ಣ ತರಿ ಇತ್ತು. ಹೊಟ್ಟು ತಿಂದ ಎಮ್ಮೆಯೆಂದು ನಾನು ಗುರುತಿಸಿದ್ದು ಬಾದಾಮಿಯನ್ನು.

ನನ್ನ ನಾಲಿಗೆಯ ಮರ್ಯಾದೆ ಹೋಗಲಿ. ನಲವತ್ತು ವರ್ಷದ ವ್ರತ, ನನ್ನ ಜೀವದ ಸಲುವಾಗಿ ಹಿಡಿದದ್ದು, ನನ್ನದೇ ಕೈಯಿಂದ, ಎರಡು ಪೇಡಾದ ಆಸೆಗೆ ಮುರಿದಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಅವ್ವ ಕಾರಿನಲ್ಲಿ ದೇವರನಾಮ ಗುನುಗುತ್ತಿದ್ದಳು. ಬಾಯಿ ಮುಚ್ಚಿದೆ. ವಾರವಿಡೀ ಸುಧಾಳ ಸಾರಿನಲ್ಲಿ ಉಪ್ಪು ಸರಿಯಿತ್ತು, ಎದುರು ಮನೆಯ ತುಳಸಿ ಚೆನ್ನಾಗಿ ಬೆಳೆದಿತ್ತು. ನಾನು ಮಾತ್ರ ಎದೆ ಡವಡವ ಎನ್ನುತ್ತದೆಂದು ಎರಡು ಸಲ ಬಿಪಿ ನೋಡಿಸಿಕೊಂಡು ಬಂದೆ. ದೇವರನ್ನು ನಂಬದವನಿಗೆ ದೇವರ ಹೆದರಿಕೆ ಎಷ್ಟಿರಬಹುದೆಂದು ಆಗ ತಿಳಿಯಿತು. ಶನಿವಾರ ಅವ್ವ, "ನಾಳೆ ಹೋಗೂಣಲಾ, ಬಾದಾಮಿ ಚಹಾಕ್ಕ?" ಎಂದಳು.

ಈ ಸಲ ನನಗೆಂದು ಏನನ್ನೂ ಕೇಳಲಿಲ್ಲ. ಇಮಾಮ್‌ಸಾಬರ ಎದುರಿಗೇ ನಿಂತು, ಬಾದಾಮಿಯದೊಂದೇ ಕಪ್ಪು ಮಾಡಿಸಿ, ಎರಡೂ ಕೈಯಲ್ಲಿ ಹಿಡಿದು ತಂದು ಅವ್ವನ ಮುಂದಿಟ್ಟೆ. ಅವ್ವ ಒಂದು ಗುಟುಕು ಕುಡಿದಳು. ನನ್ನ ಮುಖ ನೋಡಿದಳು. ಕಪ್ಪು ಕೆಳಗಿಟ್ಟಳು.

"ಇದರಾಗ ಏನೋ ಕಲಬೆರಕಿ ಅದ."

ಅದು ಬಸವರಾಜಪ್ಪನ ಕಿವಿಗೆ ಬಿತ್ತು. ಓಡಿ ಬಂದ. "ಕಲಬೆರಕಿ? ಅಮ್ಮಾರ, ನನ್ನ ಅನ್ನಕ್ಕ ಕಲ್ಲು ಹಾಕಬ್ಯಾಡ್ರಿ. ಶುದ್ಧ ಬಾದಾಮಿ ಐತ್ರಿ, ಬೇಕಾದ್ರ ನಿಮ್ಮ ಮಗಾನ ಕೇಳ್ರಿ, ಪರೀಕ್ಷಾ ಮಾಡೂದ ಅವರ ಕೆಲಸ." ಅವನ ಮುಖ ಸಣ್ಣದಾಗಿತ್ತು. ಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಕಲಬೆರಕೆ ಎಂದರೆ ಆತನ ಅಂಗಡಿ ಹೋಗುತ್ತದೆ, ಅಲ್ಲವೆಂದರೆ ಹೋದ ವಾರದ್ದೇನು ಎಂಬ ಪ್ರಶ್ನೆ ಎದ್ದು ಅವ್ವನ ವ್ರತ ಹೋಗುತ್ತದೆ. ಹೇಳಿಬಿಟ್ಟೆ.

"ಅವ್ವಾ, ಇದು ಖರೇನ ಬಾದಾಮಿದು. ಹೋದ ಐತ್ವಾರದ್ದು ಎಮ್ಮಿ ಹಾಲಿಂದು. ನಾ ಕಳ್ಳತನದಿಂದ ನನಗಂತ ಮಾಡಿಸಿದ್ದು, ಅದಲಿಬದಲಿ ಆಗಿ ನಿನಗ ಬಂತು. ತಪ್ಪು ನಂದು."

"ಗೊತ್ತದ" ಎಂದಳು ಅವ್ವ.

"ಯಾವಾಗ ಗೊತ್ತಾತು?"

"ಮೊದಲನೇ ಗುಟುಕಿಗೇ."

"ಮತ್ಯಾಕ ಪೂರ್ತಿ ಕುಡದಿ?"

"ಹಾಲಿಲ್ಲಂತ ನೀ ಹೇಳಿದ್ದಿ. ಇಪ್ಪತ್ತಾರು ವರ್ಷ ಹಾಲಿನ ಪರೀಕ್ಷಾ ಮಾಡಿದಾವ ಹೇಳಿದ ಮ್ಯಾಲೆ, ನಂಬಲಿಲ್ಲಂದ್ರ ಹೆಂಗ?"

ಸುಧಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ನಗು ಬರಲಿಲ್ಲ. "ವ್ರತ ಮುರೀತಲ್ಲ, ಅವ್ವಾ" ಎಂದೆ.

"ಮುರದಾವ ನೀನು, ಕುಡದಾಕಿ ನಾನು. ಇನ್ನ ಹನ್ನೊಂದು ದಿನ ಅದ. ನಾನೂ ಹಾಲು ಮುಟ್ಟಂಗಿಲ್ಲ, ನೀನೂ ಮುಟ್ಟಬ್ಯಾಡ. ಇಬ್ಬರದೂ ಕೂಡಿ ಒಂದು ವ್ರತ ಆಗ್ತದ, ದೇವರು ನಡಿಸ್ಕೋತಾನ" ಎಂದವಳು ಬಸವರಾಜಪ್ಪನ ಕಡೆ ತಿರುಗಿ, "ನಿನ್ನ ಚಹಾ ಶುದ್ಧ ಅದಪಾ. ಅದಕ್ಕ ಕುಡ್ಯಾಕ ಆಗವಲ್ದು" ಎಂದಳು. ಆತ ಇದು ಹೊಗಳಿಕೆಯೋ ತೆಗಳಿಕೆಯೋ ತಿಳಿಯದೆ ಕೈ ಮುಗಿದ. ಈ ಮುದುಕಿ ನನಗಾಗಿ ಎಷ್ಟು ವರ್ಷ ಚಹಾ ಬಿಟ್ಟಿದ್ದಾಳೆ, ಹನ್ನೊಂದು ದಿನ ಯಾವ ಲೆಕ್ಕ ಎಂದು ಮನಸಾರೆ ಒಪ್ಪಿಕೊಂಡೆ.

ಮನಸ್ಸು ಒಪ್ಪಿತ್ತು, ತಲೆ ಒಪ್ಪಲಿಲ್ಲ. ಎರಡನೆಯ ದಿನದಿಂದ ನೋವು ಶುರುವಾಯಿತು. ಹಳ್ಳಿ ಸಂಘಗಳಲ್ಲಿ ಹಾಲಿನ ಕ್ಯಾನುಗಳ ನಡುವೆ ನಿಂತು, ಅವರು ಪ್ರೀತಿಯಿಂದ ಕೊಟ್ಟ ಚಹಾ ಬೇಡವೆಂದೆ. ಹಾಲಿನಲ್ಲಿ ಏನೋ ಕಂಡಿರಬೇಕು ಎಂದು ಅವರು ಗಾಬರಿಯಾದರು. ಮನೆಯಲ್ಲಿ ಸಾರಿನ ಉಪ್ಪು ಹೆಚ್ಚಾಯಿತು, ಸುಧಾಳ ಬಳೆಗಳ ಸದ್ದು ಹೆಚ್ಚಾಯಿತು. ಜೊತೆ ಸಿಕ್ಕಿದ್ದಕ್ಕೋ ಏನೋ, ಅವ್ವ ಮಾತ್ರ ಆ ದಿನಗಳಲ್ಲಿ ಬಹಳ ಶಾಂತವಾಗಿದ್ದಳು. "ನಿಮಗಿಂತ ಅತ್ತಿಯವರು ಎಷ್ಟೋ ಛಲೋ ಇದ್ದರು" ಎಂದಳು ಸುಧಾ.

ಆರನೆಯ ದಿನ ಸವಣೂರಿನಿಂದ ಬರುವಾಗ ಗಾಡಿ ಬಸವರಾಜಪ್ಪನ ಕಡೆಗೆ ತಾನೇ ತಿರುಗಿತು. ಹಾಲಿಲ್ಲದ ಊಟ ಸಿಗುವ ಜಾಗ ಈಗ ನನಗೆ ಅದೊಂದೇ ಎಂದು ಸಮಾಧಾನ ಹೇಳಿಕೊಂಡೆ. ರೊಟ್ಟಿ ತಿಂದೆ, ಶೇಂಗಾ ಮೊಸರು ಮೂರು ಬಟ್ಟಲು ಮುಗಿಸಿದೆ. ಆಮೇಲೆ ಇಮಾಮ್‌ಸಾಬರ ಎದುರು ನಿಂತು, ಎಲ್ಲರಿಗೂ ಕೇಳಿಸುವಂತೆ, "ಒಂದು ಬಾದಾಮಿ ಚಹಾ" ಎಂದೆ. ಸತ್ಯವಾಗಿಯೂ ಬಾದಾಮಿಯದನ್ನೇ ಕೇಳಿದ್ದೆ. ಅವರು ನನ್ನ ಮುಖವನ್ನು ಒಮ್ಮೆ ಕರುಣೆಯಿಂದ ನೋಡಿ, ಒಳಗೆ ಹೋಗಿ, ಸ್ವಲ್ಪ ತಡಮಾಡಿ ಬಂದರು.

"ತಗೋರಿ ಸಾಹೇಬ್ರ, ಬಾದಾಮಿದು" ಎಂದರು, ಗಂಭೀರವಾಗಿ.

ಒಂದು ಗುಟುಕು ಕುಡಿದೆ. ಈ ಸಲ ನಾಲಿಗೆ ಮೋಸ ಹೋಗಲಿಲ್ಲ. ಆದರೆ ಮೂವತ್ತು ವರ್ಷ ಚಹಾ ಕಾಯಿಸಿದ ಮನುಷ್ಯ ಬಾಯಿಬಿಟ್ಟು ಹೇಳಿದ ಮೇಲೆ, ನಂಬದಿದ್ದರೆ ಹೇಗೆ? ಪೂರ್ತಿ ಕುಡಿದೆ.