ಕೆಂಪು ಛತ್ರಿಯ ಹಿಂದೆ

ಮಾರ್ಚ್ ಹನ್ನೊಂದನೆಯ ತಾರೀಕು, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಪ್ರವಾಸಿ ಹಡಗಿನ ಊಟದ ಹಾಲಿನಲ್ಲಿ, ಒಂದು ಕೆಂಪು ಛತ್ರಿಯ ತುದಿ ತಗುಲಿ ಸರ್ವೇಯರನ ಕಾಫಿಯೆಲ್ಲ ಅವನ ಪ್ಯಾಂಟಿನ ಮೇಲೆ ಚೆಲ್ಲಿತು.

ಛತ್ರಿ ಅವನ ಷಡ್ಡಕನದು. ಹೆಂಡತಿಯ ಅಕ್ಕನನ್ನು ಮದುವೆಯಾದ ಈ ಮಹಾನುಭಾವ ಔಷಧಿ ಅಂಗಡಿಯ ಮಾಲೀಕ, ಜೊತೆಗೆ ಒಂಬತ್ತು ವರ್ಷಗಳಿಂದ ಆ ಸಂಸಾರದ ಪ್ರವಾಸಗಳ ಸರ್ವಾಧಿಕಾರಿ. ಎಲ್ಲಿಗೆ ಹೋದರೂ ಆ ಛತ್ರಿಯನ್ನು ಮಡಚಿ, ಬಾವುಟದ ಹಾಗೆ ಮೇಲೆತ್ತಿ, ಮುಂದೆ ನಡೆಯುತ್ತಿದ್ದ. ಹಿಂದೆ ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಕಟ್ಟಕಡೆಗೆ ಸರ್ವೇಯರ. ಒಂದು ಹಳೆಯ ಕಟ್ಟಡದ ಮುಂದೆ ಸರ್ವೇಯರ ಜೇಬಿನಿಂದ ಟೇಪು ತೆಗೆಯುವಷ್ಟರಲ್ಲಿ ಛತ್ರಿ ಮುಂದಿನ ತಿರುವು ದಾಟಿರುತ್ತಿತ್ತು. ಒಂದು ವಸ್ತುವಿನ ಮುಂದೆ ಮನಸ್ಸು ತಣಿಯುವಷ್ಟು ಹೊತ್ತು ನಿಲ್ಲಬೇಕು ಎಂಬುದೊಂದೇ ಅವನ ಆಸೆ. ಒಂಬತ್ತು ವರ್ಷದಲ್ಲಿ ಅದು ಒಮ್ಮೆಯೂ ಕೈಗೂಡಿರಲಿಲ್ಲ.

"ಅಯ್ಯೋ, ನೋಡ್ಲಿಲ್ಲ ಕಣಯ್ಯಾ," ಎಂದ ಷಡ್ಡಕ, ಒರೆಸಲು ಏನನ್ನೂ ಕೊಡದೆ. "ಇರ್ಲಿ, ಬೇಗ ಒಣಗುತ್ತೆ. ಎಂಟೂವರೆಗೆ ಹಡಗಿನವರ ಬಸ್ಸು. ಐದೂ ಜನಕ್ಕೆ ಸೀಟು ಹೇಳಿದೀನಿ. ಹೂವಿನ ಗಡಿಯಾರ, ಮೇಣದಬತ್ತಿ ಮ್ಯೂಸಿಯಂ, ಆಮೇಲೆ ಗುಡ್ಡದ ಮೇಲಿನ ದೀಪಸ್ತಂಭ. ದೀಪಸ್ತಂಭಕ್ಕೆ ಇಪ್ಪತ್ತು ನಿಮಿಷ."

ಬಿಸಿ ಕಾಫಿ ಒಳಗೆ ಇಳಿಯುತ್ತಿತ್ತು. ಇಪ್ಪತ್ತು ನಿಮಿಷ ಎಂಬ ಮಾತು ಅದಕ್ಕಿಂತ ಹೆಚ್ಚು ಸುಟ್ಟಿತು.

"ನಮ್ಮಿಬ್ಬರ ಸೀಟು ವಾಪಸ್ ಮಾಡಿ, ಅಣ್ಣಾ. ಇವತ್ತು ನಾನು ಬೇರೆ ಗಾಡಿ ಮಾಡ್ತೀನಿ."

ಪಕ್ಕದ ಟೇಬಲ್ಲಿನಿಂದ ಪಕ್ಕದ ಕ್ಯಾಬಿನ್ನಿನ ನಿವೃತ್ತ ಹೆಡ್‌ಮಿಸ್ಟ್ರೆಸ್ಸು ಕುರ್ಚಿ ಸಮೇತ ಇತ್ತ ತಿರುಗಿದರು. ಬೇರೆಯವರ ವಿಷಯದಲ್ಲಿ ಮೂಗು ತೂರಿಸಲು ಅವರು ಎಂದೂ ಅನುಮತಿ ಕೇಳಿದವರಲ್ಲ.

"ಏನ್ರೀ ಹುಚ್ಚಾಟ! ಹಡಗಿನ ಬಸ್ಸು ಎಷ್ಟು ತಡವಾದ್ರೂ ಹಡಗು ಕಾಯುತ್ತೆ. ಸ್ವಂತ ಗಾಡೀಲಿ ಹೋದವರಿಗೆ ಒಂದು ನಿಮಿಷ ಕಾಯಲ್ಲ. ಹೋದ ಸಲ ಒಬ್ಬರು ದಡದಲ್ಲೇ ಉಳಿದ್ರು. ಅವರ ಹಲ್ಲುಸೆಟ್ಟು ಮಾತ್ರ ಕ್ಯಾಬಿನ್ನಲ್ಲಿ ಮುಂದಿನ ಊರಿಗೆ ಹೋಯ್ತು!"

"ಸಂಜೆ ನಾಲ್ಕೂವರೆಗೆ ಹೊರಡೋದು, ಗೊತ್ತು," ಎಂದ ಸರ್ವೇಯರ.

ಷಡ್ಡಕ ಛತ್ರಿಯನ್ನು ನೆಲಕ್ಕೆ ಕುಟ್ಟಿದ. "ಆಯ್ತಪ್ಪ. ರಾತ್ರಿ ಊಟದ ಹೊತ್ತಿಗೆ ಅತ್ತೆ ತೀರ್ಪು ಕೊಡ್ಲಿ. ಅವರು ಯಾವ ಟೂರು ಚೆನ್ನಾಗಿತ್ತು ಅಂತಾರೋ, ಇನ್ಮೇಲೆ ಅವನದೇ ಕಾರುಬಾರು. ಸೋತವನು ಜೀವಮಾನದಲ್ಲಿ ತುಟಿ ಪಿಟಕ್ ಅನ್ನದೆ ಹಿಂದೆ ಬರ್ಬೇಕು."

ಅತ್ತೆ ಬಾಯಿ ಒರೆಸಿಕೊಂಡರು. "ನಾನು ಚಿಕ್ಕಳಿಯಂದಿರ ಜೊತೆ ಹೋಗ್ತೀನಿ. ದೊಡ್ಡವರ ಬೆನ್ನು ನೋಡಿ ನೋಡಿ ನಂಗೆ ಬಾಯಿಪಾಠ ಆಗಿದೆ."

ದಡದಲ್ಲಿ ಅವರಿಗಾಗಿ ಕಾದಿದ್ದ ಗಾಡಿಯ ಸುತ್ತ ಸರ್ವೇಯರ ಎರಡು ಸುತ್ತು ಹಾಕಿದ. ಫೋನಿನಲ್ಲಿ ಅವನು ಗೊತ್ತು ಮಾಡಿದ್ದು 'ಹವಾನಿಯಂತ್ರಿತ ವಾಹನ'. ಬಂದಿದ್ದು ಬೇಕರಿಯ ವ್ಯಾನು. ಎರಡು ಬೆಂಚು, ಅವುಗಳ ಹಿಂದೆ ಬ್ರೆಡ್ಡಿನ ಟ್ರೇಗಳು ಚಾವಣಿಯವರೆಗೆ.

"ನನ್ನ ತಮ್ಮನ ಕಾರು ಕೆಟ್ಟಿದೆ ಸಾರ್," ಎಂದ ಡ್ರೈವರು, ಏನೂ ನಡೆದಿಲ್ಲವೆಂಬಂತೆ. "ಬ್ರೆಡ್ ಹಾಕ್ಕೊಂಡು ಹಾಕ್ಕೊಂಡು ಹೋಗೋಣ. ದಾರೀಲೇ ಊರೂ ನೋಡಿದ ಹಾಗಾಗುತ್ತೆ."

"ಹವಾನಿಯಂತ್ರಣ?"

ಡ್ರೈವರು ಹಿಂದಿನ ಬಾಗಿಲು ಅರ್ಧ ತೆರೆದು ಹಗ್ಗದಿಂದ ಕಟ್ಟಿದ. "ಇಷ್ಟು ಸಾಕಾ, ಇನ್ನೂ ಬೇಕಾ?"

ಆಗ ಷಡ್ಡಕನ ಬಸ್ಸು ಪಕ್ಕದಲ್ಲೇ ಹಾದುಹೋಯಿತು. ಕಪ್ಪು ಗಾಜಿನ ಹಿಂದೆ ಹೆಡ್‌ಮಿಸ್ಟ್ರೆಸ್ಸು ಕರವಸ್ತ್ರ ಬೀಸಿದರು, ಯುದ್ಧಕ್ಕೆ ಹೊರಟವರನ್ನು ಬೀಳ್ಕೊಡುವ ಹಾಗೆ.

"ಸುಮ್ನೆ ಹತ್ತಿ," ಎಂದಳು ಹೆಂಡತಿ. "ಪ್ಯಾಂಟಿನ ತುಂಬ ಕಾಫಿ, ಹಿಂದೆ ಬ್ರೆಡ್ಡು. ನಮಗೆ ಉಪವಾಸದ ಭಯ ಇಲ್ಲ."

ಆದರೆ ಆ ವ್ಯಾನು ಬಸ್ಸು ಕನಸಿನಲ್ಲೂ ನುಗ್ಗದ ಗಲ್ಲಿಗಳಲ್ಲಿ ನುಗ್ಗಿತು. ಒಂದು ಶಾಲೆಯ ಅಡುಗೆಮನೆ, ದೋಣಿಗೆ ಪಟ ಹೊಲಿಯುವ ಒಂದು ಅಂಗಡಿ, ಗಡಿಯಾರ ರಿಪೇರಿಯವನ ಕತ್ತಲೆ ಕೋಣೆ, ಎಲ್ಲ ಕಡೆಯೂ ಬ್ರೆಡ್ ಇಳಿಸುವಷ್ಟು ಹೊತ್ತು ಇವರಿಗೂ ಒಳಗೆ ಆಹ್ವಾನ. ಪಟದ ಅಂಗಡಿಯಲ್ಲಿ ಅತ್ತೆ ಸೂಜಿ ಕೈಗೆ ತೆಗೆದುಕೊಂಡು ಒಂದು ಸಾಲು ಹೊಲಿದೇ ಬಿಟ್ಟರು. ಗುಡ್ಡದ ಮೇಲಿನ ಕಡಿದಾದ ತಿರುವಿನಲ್ಲಿ ಒಬ್ಬಂಟಿ ಅಜ್ಜಿಯ ಮನೆ. ಅಲ್ಲಿ ಅತ್ತೆ ಟೀ ಕುಡಿಯುತ್ತ, ಅಜ್ಜಿಯ ಮಂಡಿನೋವಿಗೂ ತಮ್ಮ ಮಂಡಿನೋವಿಗೂ ತಾಳೆ ಹಾಕಿ, ಎಡಮಂಡಿಯೇ ಹೆಚ್ಚು ಕೇಡಿಗ ಎಂಬ ಒಪ್ಪಂದಕ್ಕೆ ಬಂದರು.

"ಬಸ್ಸಿನವರು ಬಂದ್ರೆ ಮಾತ್ರ ನಾನು ಗೇಟು ತೆಗೆಯಲ್ಲ," ಎಂದಳು ಅಜ್ಜಿ. "ಹೋದ ವರ್ಷ ನನ್ನ ಕಾಂಪೌಂಡಿಗೆ ಗುದ್ದಿ, ಸಾರಿ ಅನ್ನೋದಕ್ಕೂ ಇಳೀಲಿಲ್ಲ."

ದೀಪಸ್ತಂಭದ ಬುಡಕ್ಕೆ ಬಂದಾಗ ಮಧ್ಯಾಹ್ನ ಎರಡೂಮುಕ್ಕಾಲು. ಬಿಳಿಯ ಗೋಪುರ, ಸುತ್ತ ಸಮುದ್ರ. ಸರ್ವೇಯರ ಜೇಬಿನಿಂದ ಟೇಪು ತೆಗೆದ. ಯಾವ ಛತ್ರಿಯೂ ಅವನನ್ನು ಅವಸರಿಸುತ್ತಿರಲಿಲ್ಲ.

"ಬನ್ನಿ, ಮೇಲಕ್ಕೆ ಹತ್ತೋಣ," ಎಂದಳು ಹೆಂಡತಿ.

"ನೀನು ಹತ್ತಿರು. ನೆರಳು ಅಳೆದು ಎತ್ತರ ಲೆಕ್ಕ ಹಾಕಿ ಬಂದೆ. ಎರಡೇ ನಿಮಿಷ."

ಅವಳು ಹತ್ತಿ, ನೋಡಿ, ಇಳಿದು ಬಂದಾಗಲೂ ಅವನು ಟೇಪು ಹಿಡಿದು ನೆಲದ ಮೇಲೆ ಕೂತಿದ್ದ. ಒಂದು ಮೋಡ ಬಂದು ನೆರಳನ್ನು ಒಯ್ದಿತ್ತು. ಮೋಡ ಸರಿಯಲಿ ಎಂದು ಅವನು ಕಾಯುತ್ತಿದ್ದ; ಹಡಗಿನ ಬಸ್ಸು ಬಂದು, ಇಪ್ಪತ್ತು ನಿಮಿಷ ನಿಂತು, ಕೆಳಗಿಳಿದದ್ದೂ ಅವನಿಗೆ ಗೊತ್ತಾಗಿರಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಹಾರನ್ನಿನ ಆರ್ಭಟ ಕೇಳಿತು. ಗರ್ಭಿಣಿ ಆನೆಯೊಂದು ಬಾಗಿಲಲ್ಲಿ ಸಿಕ್ಕಿಬಿದ್ದು ಕೂಗಿದ ಹಾಗಿತ್ತು.

ಡ್ರೈವರು ಓಡಿ ಬಂದ. "ಸಾರ್, ಕೆಟ್ವಿ! ನಿಮ್ಮ ಹಡಗಿನ ಬಸ್ಸು ಇಳಿಯೋವಾಗ ಅಜ್ಜಿ ಮನೆ ತಿರುವಲ್ಲಿ ಸಿಕ್ಕಾಕೊಂಡಿದೆ. ಇರೋದು ಅದೊಂದೇ ರಸ್ತೆ."

ತಿರುವಿನಲ್ಲಿ ಬಸ್ಸು ರಸ್ತೆಗೆ ಅಡ್ಡಲಾಗಿ ನಿಂತಿತ್ತು. ಮೂತಿ ಬಂಡೆಗೆ, ಬಾಲ ಅಜ್ಜಿಯ ಗೇಟಿಗೆ. ಚಾಲಕ ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ ಮಾಡಿ ಬೆವರುತ್ತಿದ್ದ. ಇಳಿದು ನಿಂತ ಪ್ರಯಾಣಿಕರೆಲ್ಲ ಏಕಕಾಲಕ್ಕೆ ಅವನಿಗೆ ಡ್ರೈವಿಂಗ್ ಕಲಿಸುತ್ತಿದ್ದರು. ನಡುವೆ ಷಡ್ಡಕ, ಛತ್ರಿ ಎತ್ತಿಕೊಂಡು, ಯಾರಿಗೆ ಏನು ಹೇಳಬೇಕೆಂದು ತಿಳಿಯದೆ.

"ನಮಗೇನು ಚಿಂತೆ?" ಎಂದರು ಹೆಡ್‌ಮಿಸ್ಟ್ರೆಸ್ಸು ಸರ್ವೇಯರನನ್ನು ಕಂಡು. "ನಮಗೆ ಹಡಗು ಕಾಯುತ್ತೆ. ಪಾಪ, ನಿಮ್ಮ ಗತಿ?"

ಸರ್ವೇಯರ ಜೇಬಿಗೆ ಕೈ ಹಾಕಿದ. ಟೇಪು ಬಿಚ್ಚಿದ. ಬಸ್ಸಿನ ಉದ್ದ ಅಳೆದ, ರಸ್ತೆಯ ಅಗಲ ಅಳೆದ, ಮುಂದಿನ ಚಕ್ರ ಎಷ್ಟು ತಿರುಗುತ್ತದೆಂದು ಬಗ್ಗಿ ನೋಡಿದ, ಸೀಮೆಸುಣ್ಣದಿಂದ ರಸ್ತೆಯ ಮೇಲೊಂದು ಬಿಲ್ಲು ಬರೆದ. ಎದ್ದು ನಿಂತಾಗ ಅವನ ಮುಖದಲ್ಲಿ ಒಂಬತ್ತು ವರ್ಷ ಯಾರೂ ಕಾಣದ ಕಳೆ ಇತ್ತು.

"ಬಾಲ ಇನ್ನು ಒಂದೂವರೆ ಮೀಟರ್ ಹಿಂದೆ ಹೋಗ್ಬೇಕು. ಅಂದ್ರೆ ಆ ಗೇಟು ತೆಗೀಬೇಕು."

"ಕೇಳಿ ಕೇಳಿ ಸಾಕಾಯ್ತು," ಎಂದ ಚಾಲಕ. "ಆ ಮುದುಕಿ ಕಿಟಕೀನೇ ಮುಚ್ಕೊಂಡ್ಲು."

ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. ಕಿಟಕಿ ತಟ್ಟಿದರು. "ಏನಮ್ಮಾ, ನಾನು, ಎಡಮಂಡಿ. ಒಂಚೂರು ಗೇಟು ತೆಗಿ. ಬಸ್ಸಿನವನ ಕೈಲಿ ನಾನು ಸಾರಿ ಹೇಳಿಸ್ತೀನಿ."

ಗೇಟು ತೆರೆಯಿತು. ಚಾಲಕ ಟೊಪ್ಪಿಗೆ ತೆಗೆದು, ಬೇರೆ ಯಾರೋ ಮಾಡಿದ ತಪ್ಪಿಗೆ, ಎರಡು ಸಲ ಕ್ಷಮೆ ಕೇಳಿದ; ಮೊದಲನೆಯದು ಅಜ್ಜಿಗೆ ಕೇಳಿಸಲಿಲ್ಲವಂತೆ. ಆಮೇಲೆ ಸರ್ವೇಯರ ರಸ್ತೆಯ ನಡುವೆ ನಿಂತು ಎರಡೂ ಕೈ ಆಡಿಸಿದ. "ಬನ್ನಿ, ಬನ್ನಿ, ಎಡಕ್ಕೆ ಪೂರ್ತಿ... ನಿಲ್ಸಿ! ಈಗ ಬಲಕ್ಕೆ, ಮುಂದೆ..." ಬಂಡೆಗೂ ಬಸ್ಸಿಗೂ ಮಧ್ಯೆ ಒಂದು ಅಂಗೈ ಜಾಗ ಉಳಿಸಿ ಆ ದೊಡ್ಡ ಪ್ರಾಣಿ ಸೀಮೆಸುಣ್ಣದ ಗೆರೆಯ ಮೇಲೆಯೇ ತಿರುಗಿ ಹೊರಬಂತು.

ಚಪ್ಪಾಳೆ, ಶಿಳ್ಳೆ. ಯಾರೋ ಅವನನ್ನು ಎತ್ತಿಕೊಳ್ಳಲು ನೋಡಿ, ಪ್ಯಾಂಟಿನ ಕಲೆ ಕಂಡು ಬಿಟ್ಟರು. ಕಾಯುವಾಗ ಹಸಿದಿದ್ದ ಆ ಬಸ್ಸಿನ ಜನ ವ್ಯಾನಿನ ಬ್ರೆಡ್ಡನ್ನೆಲ್ಲ ಕೊಂಡು ತಿಂದಿದ್ದರು. ಎಲ್ಲರೂ ಬಾಯಿ ತುಂಬ ಹೊಗಳಿದರೂ ಬಾಯಿ ತುಂಬ ಬ್ರೆಡ್ಡೂ ಇದ್ದುದರಿಂದ ಏನು ಹೇಳಿದರೆಂದು ತಿಳಿಯಲಿಲ್ಲ. ಬಸ್ಸು ಅವರನ್ನೆಲ್ಲ ಹತ್ತಿಸಿಕೊಂಡು ಧೂಳೆಬ್ಬಿಸಿ ಹೊರಟುಹೋಯಿತು.

ಧೂಳು ಇಳಿಯಿತು. ಹೆಂಡತಿ ಮೆಲ್ಲಗೆ ಕೇಳಿದಳು: "ರೀ, ಹಡಗು ಕಾಯ್ತಾ ಇದ್ದದ್ದು ಆ ಬಸ್ಸಿಗೆ ಅಲ್ವಾ?"

"ಹೌದು."

"ಅದು ಸಿಕ್ಕಾಕೊಂಡಿರೋವರೆಗೂ ನಾವೂ ಬಚಾವು. ಈಗ ನೀವೇ ಬಿಡಿಸಿ ಕಳಿಸಿದ್ರಿ."

ಸರ್ವೇಯರನ ಮುಖದ ಕಳೆ ಸರ್ರನೆ ಇಳಿಯಿತು. ನಾಲ್ಕು ಗಂಟೆ ಆಗಿತ್ತು. "ಇನ್ನೆಷ್ಟು ಕಡೆ ಬ್ರೆಡ್ ಹಾಕೋದಿದೆ?" ಎಂದು ಕೇಳಿದ.

ಡ್ರೈವರು ಖಾಲಿ ಟ್ರೇಗಳನ್ನು ನೋಡಿ ಗಹಗಹಿಸಿ ನಕ್ಕ. "ಹಾಕೋದಕ್ಕೆ ಏನಿದೆ ಸಾರ್? ನಿಮ್ಮವರೇ ನುಂಗಿದ್ರಲ್ಲ! ಗಟ್ಟಿಯಾಗಿ ಹಿಡ್ಕೊಳ್ಳಿ. ಪಟದ ಅಂಗಡಿ ಹಿಂದಿನ ಗಲ್ಲಿ ನೇರ ಬಂದರಿಗೆ ಬೀಳುತ್ತೆ."

ವ್ಯಾನು ಇಳಿಯಿತು ಎನ್ನುವುದಕ್ಕಿಂತ ಬಿತ್ತು ಎನ್ನಬೇಕು. ಖಾಲಿ ಟ್ರೇಗಳು ಬ್ಯಾಂಡು ಬಾರಿಸಿದವು. ಎರಡೂ ಕಡೆ ಗೋಡೆ ಎಷ್ಟು ಹತ್ತಿರವಿತ್ತೆಂದರೆ ಸರ್ವೇಯರ ಅಳೆಯುವುದನ್ನು ಬಿಟ್ಟು ಕಣ್ಣು ಮುಚ್ಚಿಕೊಂಡ. ಅತ್ತೆ ಮಾತ್ರ "ಇನ್ನೂ ಜೋರಾಗಿ ಹೋಗಪ್ಪ" ಎಂದರು.

ಬಸ್ಸು ಬಂದರಿಗೆ ಬಂದಾಗ, ಹಡಗಿನ ಮೆಟ್ಟಿಲ ಬುಡದಲ್ಲಿ ಮೂವರು ಆರಾಮವಾಗಿ ನಿಂತಿದ್ದರು. ಹೆಂಡತಿ ಹೆಡ್‌ಮಿಸ್ಟ್ರೆಸ್ಸಿಗೆ ಕರವಸ್ತ್ರ ಬೀಸಿದಳು. ಬಸ್ಸಿಗೆ ಬಸ್ಸೇ ಕಿಟಕಿಗಳಿಂದ ಹೊರಗೆ ಬಗ್ಗಿ "ಸರ್ವೇಯರ್‌ಗೆ ಜೈ!" ಎಂದಿತು. ಮೆಟ್ಟಿಲ ಬಳಿ ನಿಂತಿದ್ದ ಹಡಗಿನ ಅಧಿಕಾರಿ, ಯಾರಿಗೆ ಜೈ ಎಂದು ತಿಳಿಯದಿದ್ದರೂ, ಇರಲಿ ಎಂದು ಒಂದು ಸಲ್ಯೂಟ್ ಹೊಡೆದ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ತೀರ್ಪು ಕೊಡಲು ಎದ್ದೇ ನಿಂತರು. "ನಾನು ಪಟ ಹೊಲಿದೆ. ಒಬ್ಬ ಗೆಳತಿ ಸಿಕ್ಕಿದ್ಲು. ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ಯಾರ ಬೆನ್ನೂ ನೋಡ್ಲಿಲ್ಲ. ಚಿಕ್ಕಳಿಯಂದಿರು ಗೆದ್ರು."

ಅಕ್ಕಪಕ್ಕದ ಟೇಬಲ್ಲುಗಳಲ್ಲಿ ಬಸ್ಸಿನ ಜನ ತಟ್ಟೆ ಬಡಿದರು. ಷಡ್ಡಕ ಎದ್ದ. ಜಗಳಕ್ಕೇ ಎಂದು ಅವನ ಹೆಂಡತಿ ಅಂಗಿ ಹಿಡಿದುಕೊಂಡರು. ಆದರೆ ಅವನು ಕೆಂಪು ಛತ್ರಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಸರ್ವೇಯರನಿಗೆ ಒಪ್ಪಿಸಿದ. ಕಣ್ಣಲ್ಲಿ ನೀರು ತುಂಬಿತ್ತು. ಸೋತವನ ಆ ದೊಡ್ಡತನ ಕಂಡು ಸರ್ವೇಯರನಿಗೂ ಕಣ್ಣು ತೇವವಾಯಿತು. ಒಂಬತ್ತು ವರ್ಷ! ಇನ್ನು ಬೇಕಾದ ಕಡೆ ಬೇಕಾದಷ್ಟು ಹೊತ್ತು ನಿಲ್ಲಬಹುದು.

ಕ್ಯಾಬಿನ್ನಿಗೆ ಹೋಗುವ ದಾರಿಯಲ್ಲಿ ಷಡ್ಡಕ ಅವನನ್ನು ಗೋಡೆಗೆ ಒತ್ತಿ ಅಪ್ಪಿಕೊಂಡ.

"ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ಕಣಯ್ಯಾ! ಒಂಬತ್ತು ವರ್ಷದಲ್ಲಿ ನಾನು ಒಂದು ಜಾಗಾನೂ ನೋಡಿಲ್ಲ. ಹಿಂದೆ ತಿರುಗಿ ನೋಡೋದು, ತಲೆ ಎಣಿಸೋದು, ಕೈ ನೋಯಿಸ್ಕೊಳ್ಳೋದು. ಬಿಡ್ತೀನಿ ಅಂದ್ರೆ ಅತ್ತೆ ಬಿಡ್ತಿರ್ಲಿಲ್ಲ. ಅದಕ್ಕೇ ಪ್ರತಿ ಸಲ ಹುಡುಕಿ ಹುಡುಕಿ ಅತ್ಯಂತ ಬೋರಾದ ಟೂರು ಮಾಡಿಸ್ದೆ. ಮೇಣದಬತ್ತಿ ಮ್ಯೂಸಿಯಂ ಯಾವನು ನೋಡ್ತಾನೆ ಹೇಳು? ಆದ್ರೂ ಒಬ್ಬರೂ ತಿರುಗಿ ಬೀಳ್ಲಿಲ್ಲ."

"ಇವತ್ತು ಆ ಕಾಫಿ ಚೆಲ್ಲದೆ ಇದ್ದಿದ್ರೆ ನಾನೂ ಸುಮ್ನೆ ಬರ್ತಿದ್ದೆ, ಅಣ್ಣಾ."

"ಅದು ಕೈತಪ್ಪಿ ಚೆಲ್ತು ಅಂದ್ಕೊಂಡ್ಯಾ?" ಎಂದ ಷಡ್ಡಕ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತ. "ನಾಳೆ ನನ್ನ ಎಬ್ಬಿಸ್ಬೇಡ. ಎದ್ದಾಗ ಬಂದು ನಿಮ್ಮ ಗುಂಪಲ್ಲಿ ಸೇರ್ಕೋತೀನಿ."

ಗುಂಪು ಎಂಬ ಮಾತಿನ ಅರ್ಥ ಮರುದಿನ ಬೆಳಗ್ಗೆ ತಿಳಿಯಿತು. ಹೊಸ ಊರಿನ ಬಂದರಿನಲ್ಲಿ ಸರ್ವೇಯರ ಇಳಿದಾಗ ನಿನ್ನೆಯ ಬಸ್ಸಿನ ಅಷ್ಟೂ ಜನ ಅಲ್ಲಿ ಕಾದಿದ್ದರು, ಹಡಗಿನ ಟೂರು ಬಿಟ್ಟು. ಹೆಡ್‌ಮಿಸ್ಟ್ರೆಸ್ಸು ಅವರನ್ನು ಆಗಲೇ ಎರಡು ಸಾಲು ಮಾಡಿ ನಿಲ್ಲಿಸಿದ್ದರು.

"ಎಲ್ಲರೂ ನಿಮ್ಮ ಜೊತೇನೇ ಬರ್ತೀವಿ ಅಂತಾರೆ," ಎಂದರು ಹೆಮ್ಮೆಯಿಂದ. "ನಾನೇ ಹೇಳ್ದೆ, ಅವರು ಬೇಡ ಅನ್ನಲ್ಲ ಅಂತ."

ಎದುರಿಗೆ ನದಿಯ ಮೇಲೆ ಒಂದು ಹಳೆಯ ಕಲ್ಲುಸೇತುವೆ ಇತ್ತು. ಐದು ಕಮಾನು, ಒಂದೊಂದೂ ಒಂದೊಂದು ಅಳತೆ. ಸರ್ವೇಯರ ಆಸೆಯಿಂದ ಟೇಪಿಗೆ ಕೈ ಹಾಕಿದ. ಅಷ್ಟರಲ್ಲಿ ಹಿಂದಿನಿಂದ ಯಾರೋ ತಪ್ಪಿಸಿಕೊಂಡರೆಂದು ಕೂಗು ಬಂತು. ಅವನು ಸೇತುವೆಗೆ ಬೆನ್ನು ಮಾಡಿ ತಲೆ ಎಣಿಸಿದ. ಕಡೆಯ ಸಾಲಿನಲ್ಲಿ ಷಡ್ಡಕ, ಕೈಗಳನ್ನು ಜೇಬಿನಲ್ಲಿಟ್ಟುಕೊಂಡು, ಬಾಯಿ ತೆರೆದು, ಒಂದೊಂದೇ ಕಮಾನನ್ನು ಮನಸ್ಸು ತಣಿಯೆ ನೋಡುತ್ತಿದ್ದ.

"ಛತ್ರಿ ಕಾಣಿಸ್ತಿಲ್ಲ! ಇನ್ನೂ ಮೇಲೆತ್ತಿ!" ಎಂದರು ಹಿಂದಿನವರು.

ಸರ್ವೇಯರ ಕೈಯನ್ನು ಪೂರ್ತಿ ಮೇಲೆತ್ತಿದ. ಹೆಂಡತಿ ಅವನ ಜೇಬಿನಿಂದ ಟೇಪು ತೆಗೆದು, ಒಂದು ತುದಿಯನ್ನು ಕಾಲಿನಲ್ಲಿ ಒತ್ತಿ ಹಿಡಿದು ಅಳೆದಳು. ನೆಲದಿಂದ ಛತ್ರಿಯ ತುದಿಗೆ ಎರಡು ಮೀಟರ್ ಎಂಬತ್ತೆಂಟು ಸೆಂಟಿಮೀಟರ್.